ಎಲೆಕ್ಟ್ರಿಕ್ ಕಾರನ್ನು ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಬೆಂಕಿ ಹತ್ತುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ನಿಮ್ಮ ವಾಟ್ಸಾಪ್ ಗ್ರೂಪಿಗೂ ಈ ವಿಡಿಯೋ ಬಂದಿರಬಹುದು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಸಾಲಾಗಿ ಕಾರುಗಳು ನಿಂತಿವೆ. ಒಂದು ಬಿಳಿ ಕಾರಿನ ಅಡಿಯಿಂದ ಹೊಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ದೊಡ್ಡ ಬೆಂಕಿಯ ಉಂಡೆ ಎದ್ದು ಪರದೆಯೆಲ್ಲ ಬೆಳಕಾಗುತ್ತದೆ. ಕೆಳಗೆ ಒಂದು ಬರಹ: "ಎಲೆಕ್ಟ್ರಿಕ್ ಕಾರನ್ನು ಮನೆಯೊಳಗೆ ನಿಲ್ಲಿಸಬೇಡಿ. ಚಾರ್ಜ್‌ಗೆ ಹಾಕದಿದ್ದರೂ ಸಿಡಿಯುತ್ತದೆ. ನೀರು ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ. ಎಲ್ಲರಿಗೂ ತಿಳಿಸಿ."

ಈ ಸಂದೇಶ ಕಳಿಸಿ "ಇದು ನಿಜವೇ?" ಎಂದು ಕೇಳುವ ಓದುಗರಲ್ಲಿ ಎರಡು ಬಗೆ. ಕಾರು ಕೊಂಡು ಈಗ ರಾತ್ರಿ ನಿದ್ದೆಗೆಟ್ಟವರು ಒಂದು ಕಡೆ. ಪಕ್ಕದ ಮನೆಯವರ ಕಾರು ನೋಡಿ ನಿದ್ದೆಗೆಟ್ಟವರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಬೇಕು.

ಚುಟುಕಾಗಿ ಹೇಳುವುದಾದರೆ: ವಿಡಿಯೋ ನಿಜ. ಅದರ ಜೊತೆಗೆ ಬಂದ ಬರಹದಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಮತ್ತು ನಮ್ಮ ಮನೆಗಳಲ್ಲಿರುವ ನಿಜವಾದ ಅಪಾಯದ ಬಗ್ಗೆ ಆ ಸಂದೇಶದಲ್ಲಿ ಒಂದು ಮಾತೂ ಇಲ್ಲ.

ಆ ವಿಡಿಯೋ ಎಲ್ಲಿಯದು?

ದಕ್ಷಿಣ ಕೊರಿಯಾದ ಇಂಚಿಯಾನ್ ನಗರದ್ದು. 2024ರ ಆಗಸ್ಟ್ 1ರ ಬೆಳಿಗ್ಗೆ ಅಲ್ಲಿನ ಒಂದು ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯಲ್ಲಿ ನಿಂತಿದ್ದ ಮರ್ಸಿಡಿಸ್ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಹತ್ತಿತು. ಆಗ ಅದು ಚಾರ್ಜ್ ಆಗುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಆರಿಸಲು ಸುಮಾರು ಎಂಟು ಗಂಟೆ ಬೇಕಾಯಿತು. ನೂರಾರು ವಾಹನಗಳು ಸುಟ್ಟವು ಇಲ್ಲವೇ ಹಾಳಾದವು. ಇಪ್ಪತ್ತಕ್ಕೂ ಹೆಚ್ಚು ಮಂದಿ ಹೊಗೆ ಕುಡಿದು ಆಸ್ಪತ್ರೆ ಸೇರಿದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ಅಂದರೆ "ಚಾರ್ಜ್‌ಗೆ ಹಾಕದಿದ್ದರೂ ಬೆಂಕಿ ಹತ್ತಬಹುದು" ಎಂಬ ಮಾತು ಸುಳ್ಳಲ್ಲ. ಆದರೆ ಫಾರ್ವರ್ಡ್‌ನಲ್ಲಿ ಇಲ್ಲದ ಒಂದು ಸಂಗತಿ ಇದೆ. ಆ ಕಟ್ಟಡದಲ್ಲಿ ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದಾಗ ಚಾವಣಿಯಿಂದ ತಾನಾಗಿ ನೀರು ಸುರಿಸುವ ವ್ಯವಸ್ಥೆ ಇತ್ತು. ಅಲಾರಾಂ ಹೊಡೆದುಕೊಂಡಾಗ ಅಲ್ಲಿನ ಸಿಬ್ಬಂದಿಯೊಬ್ಬರು ಅದನ್ನು ನಿಲ್ಲಿಸಿಬಿಟ್ಟಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು. ಒಂದು ಕಾರಿನ ಬೆಂಕಿ ಇಡೀ ಪಾರ್ಕಿಂಗ್‌ಗೆ ಹಬ್ಬಲು ಇದು ದೊಡ್ಡ ಕಾರಣ.

ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇಡೋಣ. 2023ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ಲ್ಯೂಟನ್ ವಿಮಾನ ನಿಲ್ದಾಣದ ಬಹುಮಹಡಿ ಪಾರ್ಕಿಂಗ್ ಹೊತ್ತಿ ಉರಿಯಿತು. 1,400ಕ್ಕೂ ಹೆಚ್ಚು ವಾಹನಗಳು ನಾಶವಾದವು. ಕಟ್ಟಡದ ಒಂದು ಭಾಗ ಕುಸಿಯಿತು. "ಎಲೆಕ್ಟ್ರಿಕ್ ಕಾರಿನಿಂದಲೇ ಆಗಿದ್ದು" ಎಂಬ ಸಂದೇಶ ಮರುದಿನವೇ ಜಗತ್ತೆಲ್ಲ ಸುತ್ತಿತು. ಆದರೆ ಅಗ್ನಿಶಾಮಕ ದಳ ಹೇಳಿದ್ದು: ಬೆಂಕಿ ಶುರುವಾಗಿದ್ದು ಡೀಸೆಲ್ ಕಾರಿನಲ್ಲಿ. ಅಲ್ಲಿ ಸ್ಪ್ರಿಂಕ್ಲರ್ ಇರಲೇ ಇಲ್ಲ.

ಎರಡು ಘಟನೆ, ಎರಡು ಬೇರೆ ಇಂಧನ. ಒಂದು ಕಡೆ ಸ್ಪ್ರಿಂಕ್ಲರ್ ಇದ್ದೂ ಕೆಲಸ ಮಾಡಲಿಲ್ಲ, ಇನ್ನೊಂದು ಕಡೆ ಸ್ಪ್ರಿಂಕ್ಲರೇ ಇಲ್ಲ. ಎರಡರಲ್ಲೂ ಆದದ್ದು ಒಂದೇ.

ಹಾಗಾದರೆ ಯಾವ ಕಾರಿಗೆ ಬೆಂಕಿ ಹೆಚ್ಚು?

ಲೆಕ್ಕ ಇಟ್ಟಿರುವ ದೇಶಗಳಲ್ಲಿ ಸ್ವೀಡನ್ ಒಂದು. ಅಲ್ಲಿನ ಸರ್ಕಾರಿ ಸಂಸ್ಥೆಯ ಅಂಕಿಅಂಶದ ಪ್ರಕಾರ 2022ರಲ್ಲಿ ಸುಮಾರು 44 ಲಕ್ಷ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಪೈಕಿ ಸುಮಾರು 3,400ಕ್ಕೆ ಬೆಂಕಿ ಬಿತ್ತು. ಸುಮಾರು 6 ಲಕ್ಷ ಎಲೆಕ್ಟ್ರಿಕ್ ಮತ್ತು ಪ್ಲಗ್‌-ಇನ್ ಹೈಬ್ರಿಡ್ ಕಾರುಗಳ ಪೈಕಿ ಬೆಂಕಿ ಬಿದ್ದದ್ದು 23ಕ್ಕೆ. ಲಕ್ಷ ಕಾರಿಗೆ ಲೆಕ್ಕ ಹಾಕಿದರೆ ಪೆಟ್ರೋಲ್-ಡೀಸೆಲ್‌ನಲ್ಲಿ 77ರಷ್ಟು, ಎಲೆಕ್ಟ್ರಿಕ್‌ನಲ್ಲಿ 4ರಷ್ಟು.

ಆದರೆ ಈ ಅಂಕಿ ಹಿಡಿದು "ಎಲೆಕ್ಟ್ರಿಕ್ ಕಾರಿಗೆ ಬೆಂಕಿಯೇ ಹತ್ತುವುದಿಲ್ಲ" ಎಂಬ ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಎಲೆಕ್ಟ್ರಿಕ್ ಕಾರುಗಳಲ್ಲಿ ಹೆಚ್ಚಿನವು ಹೊಸವು, ಪೆಟ್ರೋಲ್ ಕಾರುಗಳಲ್ಲಿ ಹಳೆಯವು ಬಹಳ. ಹಳತಾದಷ್ಟೂ ಬೆಂಕಿಯ ಸಂಭವ ಹೆಚ್ಚು. ಸ್ವೀಡನ್‌ನ ಹವೆ ಬೇರೆ, ವೈರಿಂಗ್ ಬೇರೆ. ಇಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು: ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬೀಳುವುದು ಅಪರೂಪ. ಆದರೆ ಬಿದ್ದರೆ ಆ ಬೆಂಕಿಯ ಸ್ವಭಾವ ಬೇರೆ.

ಬ್ಯಾಟರಿಯ ಬೆಂಕಿ ಹೇಗೆ ಬೇರೆ?

ಕಾರಿನ ನೆಲದಡಿಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಇದೆ ಎಂದುಕೊಳ್ಳಿ. ಅದರೊಳಗೆ ಹತ್ತಾರು, ಕೆಲವು ಕಾರುಗಳಲ್ಲಿ ಸಾವಿರಾರು ಲಿಥಿಯಂ ಅಯಾನ್ ಸೆಲ್‌ಗಳು. ಪ್ರತಿ ಸೆಲ್‌ನಲ್ಲೂ ಪಾಸಿಟಿವ್ ಮತ್ತು ನೆಗೆಟಿವ್ ಪದರಗಳ ನಡುವೆ ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಎರಡೂ ಪದರ ಒಂದಕ್ಕೊಂದು ತಾಗದಂತೆ ಕಾಯುವ ಕೆಲಸ ಈ ಪೊರೆಯದ್ದು. ಸುತ್ತ ಇರುವ ದ್ರವ ಹೊತ್ತಿಕೊಳ್ಳುವಂಥದ್ದು.

ತಯಾರಿಕೆಯ ದೋಷದಿಂದಲೋ, ಅಪಘಾತದ ಪೆಟ್ಟಿನಿಂದಲೋ, ಒಳಗೆ ನೀರು ಹೋಗಿಯೋ ಈ ಪೊರೆ ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಸೆಲ್ ಬಿಸಿಯಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಆ ಬಿಸಿ ಪಕ್ಕದ ಸೆಲ್‌ಗೆ ತಗಲುತ್ತದೆ, ಅದರಿಂದ ಮತ್ತೊಂದಕ್ಕೆ. ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆ ಒಂದರ ಮೇಲೊಂದು ಬಿದ್ದ ಹಾಗೆ. ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಕೈಮೀರಿದ ಬಿಸಿ ಎಂದರೆ ಅರ್ಥವಾಗುತ್ತದೆ.

ಇದರಿಂದ ಮನೆಯವರು ತಿಳಿದಿರಬೇಕಾದ ಮೂರು ಸಂಗತಿಗಳಿವೆ.

ಒಂದು, ಬೆಂಕಿಗಿಂತ ಮುಂಚೆ ಬರುವುದು ಹೊಗೆ. ವಿಡಿಯೋದಲ್ಲಿ ಕಂಡ ಆ ಹೊಗೆಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್, ವಿಷವಾದ ಕಾರ್ಬನ್ ಮೊನಾಕ್ಸೈಡ್, ಉಸಿರಾಟದ ದಾರಿಯನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಎಲ್ಲ ಸೇರಿರುತ್ತವೆ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಅದೇ ಒಮ್ಮೆಲೇ ಸ್ಫೋಟಿಸಬಹುದು. "ಸ್ವಲ್ಪ ಹೊಗೆ ತಾನೇ, ಏನೆಂದು ನೋಡೋಣ" ಎಂದು ಹತ್ತಿರ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಎರಡು, ಈ ಬೆಂಕಿಯನ್ನು ಮನೆಯ ಚಿಕ್ಕ ಸಿಲಿಂಡರಿನಿಂದ ನಿಲ್ಲಿಸಲು ಆಗುವುದಿಲ್ಲ. ಪುಡಿ ಇಲ್ಲವೇ ಗ್ಯಾಸ್ ಹೊಡೆದರೆ ಮೇಲಿನ ಜ್ವಾಲೆ ಆರಬಹುದು. ಆದರೆ ಒಳಗಿನ ಬಿಸಿ ಹಾಗೇ ಇರುತ್ತದೆ.

ಮೂರು, ಆರಿತು ಎಂದುಕೊಂಡ ಮೇಲೂ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು.

ಇಷ್ಟಾದರೂ ಒಂದು ಭಯವನ್ನು ಬಿಡಬಹುದು. ಎಲೆಕ್ಟ್ರಿಕ್ ಕಾರು ಉರಿದಾಗ ಹೊರಬರುವ ಒಟ್ಟು ಶಾಖ ಪೆಟ್ರೋಲ್ ಕಾರಿನಷ್ಟೇ ಇರುತ್ತದೆ ಎಂದು ಸ್ವೀಡನ್‌ನ ರೈಸ್ ಸಂಶೋಧನಾ ಸಂಸ್ಥೆ ಇಡೀ ಕಾರುಗಳನ್ನೇ ಸುಟ್ಟು ಪರೀಕ್ಷಿಸಿ ಕಂಡುಕೊಂಡಿದೆ. ಕಾರು ಯಾವುದಾದರೂ ಉರಿಯುವುದರಲ್ಲಿ ದೊಡ್ಡ ಪಾಲು ಸೀಟು, ಪ್ಲಾಸ್ಟಿಕ್, ಟೈರುಗಳದ್ದು.

"ನೀರು ಹಾಕಿದರೆ ಜಾಸ್ತಿಯಾಗುತ್ತದೆ" ನಿಜವೇ?

ಸುಳ್ಳು. ಶಾಲೆಯಲ್ಲಿ ಲಿಥಿಯಂ ಲೋಹ ನೀರಿಗೆ ತಾಗಿದರೆ ಉರಿಯುತ್ತದೆ ಎಂದು ಓದಿದ್ದು ನಿಜ. ಆದರೆ ಕಾರಿನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಆ ಲೋಹದ ರೂಪದಲ್ಲಿ ಇರುವುದಿಲ್ಲ, ಸಂಯುಕ್ತವಾಗಿ ಇರುತ್ತದೆ. ಅಗ್ನಿಶಾಮಕ ದಳದವರು ಬಳಸುವುದು ನೀರನ್ನೇ, ಅದೂ ಸಾವಿರಾರು ಲೀಟರ್. ಬ್ಯಾಟರಿಯ ಬಿಸಿ ಇಳಿಸಲು ಅದಕ್ಕಿಂತ ಒಳ್ಳೆಯದು ಸುಲಭವಾಗಿ ಸಿಗುವುದಿಲ್ಲ. ಹಾಗೆಂದು ನೀವು ಬಕೆಟ್ ಹಿಡಿದು ಹೋಗಬೇಡಿ. ಒಂದು ಬಕೆಟ್ ನೀರಿನಿಂದ ಏನೂ ಆಗುವುದಿಲ್ಲ, ಹೊಗೆ ಕುಡಿಯುವುದಷ್ಟೇ ಲಾಭ. ಚಾರ್ಜರ್‌ನ ವೈರಿಗೆ ಕರೆಂಟ್ ಇದ್ದರಂತೂ ನೀರು ಹಾಕಲೇಬಾರದು.

"ಬೇಸಿಗೆಯ ಬಿಸಿಲಿಗೆ ಸಿಡಿಯುತ್ತದೆ" ನಿಜವೇ?

ಏಪ್ರಿಲ್ ಬಂದರೆ ಈ ಸಂದೇಶವೂ ಬರುತ್ತದೆ. ಕಲಬುರಗಿ, ರಾಯಚೂರಿನ 43 ಡಿಗ್ರಿ ಬಿಸಿಲು ಒಂದು ಸರಿಯಾದ ಬ್ಯಾಟರಿಯನ್ನು ಹೊತ್ತಿಸುವುದಿಲ್ಲ. ಕೈಮೀರುವ ಬಿಸಿ ಶುರುವಾಗಲು ಸೆಲ್‌ನ ಒಳಗೆ ಅದರ ಎರಡು ಪಟ್ಟಿಗೂ ಮಿಕ್ಕ ತಾಪ ಬೇಕು. ಬಿಸಿಲಿನಿಂದ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ, ಅದು ನಿಜ. ಹಾಗಾಗಿ ನೆರಳಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಈಗ ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿರುವ ಎಲ್‌ಎಫ್‌ಪಿ ಬಗೆಯ ಬ್ಯಾಟರಿ ಬಿಸಿಯನ್ನು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದಕ್ಕೂ ಬೆಂಕಿ ಬೀಳುವುದೇ ಇಲ್ಲ ಎಂದಲ್ಲ.

ಸಂದೇಶ ಹೇಳದೇ ಬಿಟ್ಟದ್ದು: ಗೋಡೆಯ ಮೇಲಿನ ಸಾಕೆಟ್

ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಎಲ್ಲರ ಕಣ್ಣೂ ಕಾರಿನ ಮೇಲಿದೆ. ಆದರೆ ಸಾಮಾನ್ಯ ಮನೆಯಲ್ಲಿ ಮೊದಲು ಸೋಲುವುದು ಕಾರಲ್ಲ, ಅದಕ್ಕೆ ಕರೆಂಟ್ ಕೊಡುವ ಪ್ಲಗ್ ಮತ್ತು ವೈರು.

ಒಂದು ಚಿಕ್ಕ ಲೆಕ್ಕ ಮಾಡೋಣ. ನಿಮ್ಮ ಮನೆಯ ಗೀಸರ್ 2,000 ವ್ಯಾಟ್. ದಿನಕ್ಕೆ ಅರ್ಧ ಗಂಟೆ ಓಡುತ್ತದೆ. ಆರಿಸಿದ ಮೇಲೆ ಸಾಕೆಟ್ ತಣ್ಣಗಾಗಲು ದಿನವಿಡೀ ಸಮಯ. ಕಾರಿನ ಜೊತೆ ಬರುವ 15 ಆಂಪ್ ಚಾರ್ಜರ್ 3,000 ವ್ಯಾಟ್‌ಗೂ ಮೇಲೆ ಎಳೆಯುತ್ತದೆ. 30 ಯೂನಿಟ್‌ನ ಬ್ಯಾಟರಿ ತುಂಬಲು ಹತ್ತು ಗಂಟೆ ಬೇಕು. ಅಂದರೆ ಒಂದೂವರೆ ಗೀಸರ್, ಎಡೆಬಿಡದೆ ರಾತ್ರಿಯಿಡೀ.

ಈಗ ಸಾಕೆಟ್‌ನ ಹಿಂದೆ ಒಂದು ಸ್ಕ್ರೂ ಸ್ವಲ್ಪ ಸಡಿಲ ಇದೆ ಎಂದುಕೊಳ್ಳಿ. ಆ ಸಡಿಲ ಜಾಗದಲ್ಲಿ 0.1 ಓಮ್ ತಡೆ ಹುಟ್ಟಿದರೂ 15 ಆಂಪ್ ಹರಿಯುವಾಗ ಅಲ್ಲಿ 22 ವ್ಯಾಟ್‌ನಷ್ಟು ಬಿಸಿ ಏಳುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ಗೆ ಅಷ್ಟೇ ಸಾಕು! ಅಂಥದ್ದೊಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಹತ್ತು ಗಂಟೆ ಬಿಟ್ಟರೆ ಏನಾಗುತ್ತದೆ? 32 ಆಂಪ್‌ನ ದೊಡ್ಡ ಚಾರ್ಜರ್ ಆದರೆ ಅದೇ ಸಡಿಲ ಜಾಗದಲ್ಲಿ 100 ವ್ಯಾಟ್. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ" ಎಂದು ನೀವು ಹೇಳಬಹುದು. ಆಗುವುದಿಲ್ಲ. ಹೆಚ್ಚು ಕರೆಂಟ್ ಹರಿದರೆ ಮಾತ್ರ ಎಂಸಿಬಿ ಬೀಳುತ್ತದೆ. ಇಲ್ಲಿ ಹರಿಯುತ್ತಿರುವುದು ಸರಿಯಾದ 15 ಆಂಪ್ ಕರೆಂಟೇ. ಎಂಸಿಬಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಾಕೆಟ್ ಮಾತ್ರ ಮೆಲ್ಲಗೆ ಕರಗುತ್ತಿರುತ್ತದೆ.

ಆದ್ದರಿಂದ ಇಷ್ಟನ್ನು ಮಾಡಿ:

- ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ. ಅದೇ ಲೈನಿಗೆ ಮೋಟರ್, ವಾಷಿಂಗ್ ಮೆಷಿನ್ ಸೇರಿಸಬೇಡಿ.
- 15 ಆಂಪ್ ಸಾಕೆಟ್‌ಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿಸುವುದು ಒಳ್ಳೆಯದು. 7.2 ಕಿಲೋವ್ಯಾಟ್ ಗೋಡೆ ಚಾರ್ಜರ್‌ಗೆ ಕನಿಷ್ಠ 6. ಮೀಟರ್‌ನಿಂದ ದೂರ ಹೆಚ್ಚಿದ್ದರೆ ಇನ್ನೂ ದಪ್ಪ ಬೇಕಾಗುತ್ತದೆ. ಈ ಲೆಕ್ಕವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.
- ಎಂಸಿಬಿ ಜೊತೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲಿ. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ.
- ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಬಹುತೇಕ ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಅದು ಕಾರಿನ ತಕರಾರಲ್ಲ, ಎಚ್ಚರಿಕೆ. ಅದನ್ನು ಯಾವುದೋ ಅಡಾಪ್ಟರ್ ಹಾಕಿ ಮರೆಮಾಚುವುದು ಅಪಾಯಕ್ಕೆ ಆಹ್ವಾನ.
- ಎಕ್ಸ್‌ಟೆನ್ಷನ್ ಬಾಕ್ಸ್, ಸ್ಪೈಕ್ ಬಸ್ಟರ್, ಮಲ್ಟಿ ಪ್ಲಗ್ ಬೇಡವೇ ಬೇಡ. ಸುರುಳಿ ಸುತ್ತಿಟ್ಟ ಉದ್ದ ವೈರಿನ ಬಿಸಿ ಹೊರಹೋಗದೆ ಒಳಗೇ ಸೇರಿಕೊಳ್ಳುತ್ತದೆ.
- ಮನೆಗೆ ಮಂಜೂರಾದ ಲೋಡ್ ಎಷ್ಟು ಎಂದು ಕರೆಂಟ್ ಬಿಲ್ಲಿನಲ್ಲಿ ನೋಡಿ. 3 ಕಿಲೋವ್ಯಾಟ್ ಲೋಡಿನ ಮನೆಗೆ 7 ಕಿಲೋವ್ಯಾಟ್ ಚಾರ್ಜರ್ ತಂದರೆ ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಬೇರೆಯೇ ಸಂಪರ್ಕ ಪಡೆಯುವ ಅವಕಾಶವೂ ರಾಜ್ಯದಲ್ಲಿದೆ. ನಿಮ್ಮ ಎಸ್ಕಾಂ ಕಚೇರಿಯಲ್ಲಿ ಕೇಳಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಚಾರ್ಜ್ ಶುರುವಾಗಿ ಒಂದು ಗಂಟೆ ಆದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾರದಷ್ಟು ಬಿಸಿ, ಕಂದು ಬಣ್ಣದ ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅವತ್ತಿಗೆ ಚಾರ್ಜಿಂಗ್ ನಿಲ್ಲಿಸಿ ಸಾಕೆಟ್ ಬದಲಿಸಿ. ಇದಕ್ಕೆ ಖರ್ಚು ಕೆಲವು ನೂರು ರೂಪಾಯಿ.

ನಮ್ಮಲ್ಲಿ ಜೀವ ಹೋದದ್ದು ಎಲ್ಲಿ?

ಗ್ಯಾರೇಜ್ ಎಂದರೆ ಅಮೆರಿಕದ ಸಿನಿಮಾದಲ್ಲಿ ಕಾಣುವ ದೊಡ್ಡ ಬಾಗಿಲಿನ ಕೋಣೆ ನೆನಪಾಗುತ್ತದೆ. ನಮ್ಮದು ಹಾಗಲ್ಲ. 30 x 40 ಸೈಟಿನಲ್ಲಿ ಕೆಳಗೆ ಕಾರು, ಪಕ್ಕದಲ್ಲಿ ಎರಡು ಸ್ಕೂಟರ್, ಅಲ್ಲೇ ಮೀಟರ್ ಬೋರ್ಡ್, ಅಲ್ಲೇ ಮೇಲೆ ಹೋಗುವ ಒಂದೇ ಒಂದು ಮೆಟ್ಟಿಲು. ಮೆಟ್ಟಿಲಡಿಯಲ್ಲಿ ಹಳೆ ಪೇಪರ್, ಪೇಂಟ್ ಡಬ್ಬಿ, ಖಾಲಿ ಗ್ಯಾಸ್ ಸಿಲಿಂಡರ್. ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆದಾರರು.

ಭಾರತದಲ್ಲಿ ಎಲೆಕ್ಟ್ರಿಕ್ ವಾಹನಗಳ ಬೆಂಕಿಯಲ್ಲಿ ಜನ ಸತ್ತ ಘಟನೆಗಳನ್ನು ನೋಡಿದರೆ ಸ್ಕೂಟರ್‌ಗಳ ಹೆಸರೇ ಮತ್ತೆ ಮತ್ತೆ ಬರುತ್ತದೆ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿದ್ದ ಸ್ಕೂಟರ್‌ಗೆ ಬೆಂಕಿ ಬಿದ್ದು, ತಂದೆ ಮತ್ತು ಚಿಕ್ಕ ಮಗಳು ಹೊಗೆಯಿಂದ ಉಸಿರುಕಟ್ಟಿ ಸತ್ತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಹೋಟೆಲೊಂದರ ಕೆಳಗಿದ್ದ ಸ್ಕೂಟರ್ ಶೋರೂಮಿನಲ್ಲಿ ಬೆಂಕಿ ಎದ್ದಾಗ ಮೇಲಿನ ಕೋಣೆಗಳಲ್ಲಿ ತಂಗಿದ್ದ ಎಂಟು ಮಂದಿ ಪ್ರಾಣ ಬಿಟ್ಟರು.

ಎರಡೂ ಕಡೆ ನಡೆದದ್ದು ಒಂದೇ ರೀತಿ. ಬೆಂಕಿ ಕೆಳಗೆ ಅಥವಾ ಬಾಗಿಲ ಬಳಿ. ಜನ ಒಳಗೆ ಅಥವಾ ಮೇಲೆ. ಹೊಗೆ ಏರಿದ್ದು ಜನ ಇಳಿಯಬೇಕಾದ ದಾರಿಯಲ್ಲೇ. ಅವರನ್ನು ಕೊಂದದ್ದು ಹೊಗೆ.

2022ರ ಘಟನೆಗಳ ನಂತರ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ದ್ವಿಚಕ್ರ ವಾಹನಗಳಿಗೆ ಎಐಎಸ್-156, ಕಾರುಗಳಿಗೆ ಎಐಎಸ್-038 ಮಾನದಂಡದ ಹೊಸ ತಿದ್ದುಪಡಿಗಳು 2022ರ ಡಿಸೆಂಬರ್‌ನಿಂದ ಎರಡು ಹಂತದಲ್ಲಿ ಜಾರಿಗೆ ಬಂದವು. ಒಂದು ಸೆಲ್ ಕೆಟ್ಟರೆ ಬೆಂಕಿ ಪಕ್ಕಕ್ಕೆ ಹರಡುತ್ತದೆಯೇ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿದೆ. ಆದರೆ ಅದಕ್ಕೂ ಹಳೆಯ ಸ್ಕೂಟರ್‌ಗಳು, ಅಂಗಡಿಯಲ್ಲಿ ಬದಲಿಸಿದ ಅಗ್ಗದ ಬ್ಯಾಟರಿಗಳು, ಬೇರೆ ವಾಹನದ ಚಾರ್ಜರ್‌ಗಳು ಇನ್ನೂ ನಮ್ಮ ಮೆಟ್ಟಿಲಡಿಯಲ್ಲೇ ಇವೆ.

ಆದ್ದರಿಂದ ಮನೆಯೊಳಗೆ ಜಾಗ ಮಾಡಿಕೊಳ್ಳುವುದು ಹೀಗೆ:

- ಮೆಟ್ಟಿಲಡಿಯಲ್ಲಿ, ಮುಂಬಾಗಿಲ ಬಳಿ, ಹಾಲ್‌ನಲ್ಲಿ ಯಾವ ವಾಹನವನ್ನೂ, ಬಿಚ್ಚಿ ತಂದ ಬ್ಯಾಟರಿಯನ್ನೂ ಚಾರ್ಜ್‌ಗೆ ಹಾಕಬೇಡಿ. ಹೊರಗೆ ಓಡುವ ದಾರಿಯಲ್ಲಿ ಬೆಂಕಿ ಇರಬಾರದು. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.
- ಆದಷ್ಟೂ ತೆರೆದ ಪೋರ್ಟಿಕೋ, ಗೇಟಿನ ಬದಿ, ಗಾಳಿಯಾಡುವ ಜಾಗ ಆರಿಸಿ.
- ಕಾರಿನ ಸುತ್ತ ಪೆಟ್ರೋಲ್ ಕ್ಯಾನ್, ಥಿನ್ನರ್, ಗ್ಯಾಸ್ ಸಿಲಿಂಡರ್, ಹಳೆ ಹಾಸಿಗೆ, ರದ್ದಿ ಇಡಬೇಡಿ.
- ಗ್ಯಾರೇಜಿನಿಂದ ಮನೆಯೊಳಕ್ಕೆ ಬಾಗಿಲಿದ್ದರೆ ರಾತ್ರಿ ಮುಚ್ಚಿಡಿ. ಮುಚ್ಚಿದ ಗಟ್ಟಿ ಬಾಗಿಲು ಹೊಗೆಯನ್ನು ಕೆಲವು ನಿಮಿಷ ತಡೆಯುತ್ತದೆ. ಎಚ್ಚರಗೊಂಡು ಹೊರಬರಲು ಆ ನಿಮಿಷಗಳೇ ಬೇಕು.
- ಮಲಗುವ ಕೋಣೆಯ ಹೊರಗೆ ಬ್ಯಾಟರಿಯಿಂದ ಓಡುವ ಒಂದು ಹೊಗೆ ಅಲಾರಾಂ ಹಾಕಿ. ಲಕ್ಷಗಟ್ಟಲೆ ಬೆಲೆಯ ಕಾರಿನ ಪಕ್ಕದಲ್ಲಿ ಇದು ಏನೇನೂ ಅಲ್ಲ.

ರಾತ್ರಿ ಚಾರ್ಜ್‌ಗೆ ಹಾಕಬಹುದೇ? ನೂರಕ್ಕೆ ನೂರು ತುಂಬಿಸಬಹುದೇ?

ವೈರಿಂಗ್ ಸರಿ ಇದ್ದರೆ ಕಾರನ್ನು ರಾತ್ರಿ ಚಾರ್ಜ್‌ಗೆ ಹಾಕಬಹುದು. ಬ್ಯಾಟರಿ ತುಂಬಿದಾಗ ಕಾರೇ ಚಾರ್ಜಿಂಗ್ ನಿಲ್ಲಿಸುತ್ತದೆ. ಮೊದಲ ಒಂದೆರಡು ವಾರ ನೀವು ಎಚ್ಚರವಿರುವಾಗ ಚಾರ್ಜ್ ಮಾಡಿ, ಸಾಕೆಟ್ ಬಿಸಿ ನೋಡಿಕೊಂಡ ಮೇಲೆ ರಾತ್ರಿಗೆ ಬದಲಿಸಿ ಎಂಬುದು ನಮ್ಮ ಸಲಹೆ. ಸ್ಕೂಟರ್‌ನ ಬಿಚ್ಚುವ ಬ್ಯಾಟರಿಯನ್ನು ಮಾತ್ರ ಮಲಗಿದಾಗ ಮನೆಯೊಳಗೆ ಚಾರ್ಜ್‌ಗೆ ಇಡಬೇಡಿ.

ಎಷ್ಟು ತುಂಬಿಸಬೇಕು ಎಂಬುದಕ್ಕೆ ನಿಮ್ಮ ಕಾರಿನ ಕೈಪಿಡಿಯೇ ಆಧಾರ. ಕಡಿಮೆ ತುಂಬಿದ ಬ್ಯಾಟರಿ ಕೆಟ್ಟರೂ ಬೆಂಕಿಯ ಬಿರುಸು ಕಡಿಮೆ, ನಿಜ. ಆದರೆ ಕೆಲವು ಎಲ್‌ಎಫ್‌ಪಿ ಬ್ಯಾಟರಿಗಳನ್ನು ಆಗಾಗ ಪೂರ್ತಿ ತುಂಬಿಸಿ ಎಂದು ತಯಾರಕರೇ ಹೇಳುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ "ಮನೆಯೊಳಗೆ ನಿಲ್ಲಿಸಬೇಡಿ" ಎಂಬುದು ಅಕ್ಷರಶಃ ನಿಜ. ತಯಾರಕರೇ ಹಾಗೆ ಹೇಳಿದಾಗ. ಷೆವರ್ಲೆ ಬೋಲ್ಟ್ ಎಂಬ ಕಾರಿನ ಸೆಲ್‌ಗಳಲ್ಲಿ ತಯಾರಿಕಾ ದೋಷ ಕಂಡುಬಂದು, ಜನರಲ್ ಮೋಟರ್ಸ್ 2021ರಲ್ಲಿ ಸುಮಾರು 1.4 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ದುರಸ್ತಿ ಆಗುವವರೆಗೆ ಮನೆಯಿಂದ ಹೊರಗೆ ನಿಲ್ಲಿಸಿ, 90 ಶೇಕಡಾಕ್ಕಿಂತ ಹೆಚ್ಚು ತುಂಬಿಸಬೇಡಿ, ರಾತ್ರಿ ಒಳಗೆ ಚಾರ್ಜ್‌ಗೆ ಬಿಡಬೇಡಿ ಎಂದಿತ್ತು. ಈ ಮಾತು ಆ ಮಾದರಿಯ ಕಾರಿಗೆ ಸಂಬಂಧಿಸಿದ್ದು. ಅದನ್ನೇ ಕತ್ತರಿಸಿ ಎಲ್ಲ ಕಾರಿಗೂ ಅಂಟಿಸಿದ ಸಂದೇಶಗಳು ಈಗಲೂ ಓಡಾಡುತ್ತಿವೆ. ಹಾಗಾಗಿ ಕಂಪನಿಯಿಂದ ಬರುವ ರೀಕಾಲ್ ಮೆಸೇಜನ್ನು ಜಾಹೀರಾತು ಎಂದು ಅಳಿಸಬೇಡಿ, ಓದಿ.

ನೀರಲ್ಲಿ ಮುಳುಗಿದ್ದರೆ, ಅಡಿಗೆ ಪೆಟ್ಟು ಬಿದ್ದಿದ್ದರೆ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ಅದೇ ತಿಂಗಳ ಕೊನೆಗೆ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತ ಬಂದಾಗ, ಸಮುದ್ರದ ಉಪ್ಪುನೀರಲ್ಲಿ ಮುಳುಗಿ ಎದ್ದ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ದಿನಗಳ ನಂತರ ಬೆಂಕಿ ಬಿತ್ತು. ಉಪ್ಪುನೀರಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ; ಅದು ಒಣಗಿದ ಮೇಲೂ ಉಪ್ಪು ಅಲ್ಲೇ ಉಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡಲಂಚಿನವರು ಇದನ್ನು ವಿಶೇಷವಾಗಿ ಗಮನಿಸಿ.

ಮಳೆಯಲ್ಲಿ ಓಡಿಸುವುದು, ತೊಳೆಯುವುದು ಏನೂ ತೊಂದರೆಯಿಲ್ಲ. ಆದರೆ ಕಾರು ನೆಲದ ಮಟ್ಟಕ್ಕಿಂತ ಮೇಲೆ ನೀರಲ್ಲಿ ನಿಂತಿದ್ದರೆ, ಅಥವಾ ಹಂಪ್, ಬಂಡೆಗೆ ಅಡಿ ಜೋರಾಗಿ ಬಡಿದಿದ್ದರೆ, ಚಾರ್ಜ್‌ಗೆ ಹಾಕಬೇಡಿ, ಗ್ಯಾರೇಜಿಗೂ ತರಬೇಡಿ. ಮನೆ ಮತ್ತು ಇತರ ವಾಹನಗಳಿಂದ 50 ಅಡಿ ದೂರ ಬಯಲಲ್ಲಿ ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ.

ಹೊಗೆ ಕಂಡರೆ ಏನು ಮಾಡಬೇಕು?

ಕಾರಿನ ಅಡಿಯಿಂದ ಹೊಗೆ, ಉಸ್ಸೆನ್ನುವ ಅಥವಾ ಪಟಪಟ ಸಿಡಿಯುವ ಸದ್ದು, ಒಂಥರಾ ಸಿಹಿ ರಾಸಾಯನಿಕ ವಾಸನೆ, ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಎಚ್ಚರಿಕೆ ಇವು ಲಕ್ಷಣಗಳು.

1. ಮೊದಲು ಜನ ಹೊರಗೆ. ಮಕ್ಕಳು, ವಯಸ್ಸಾದವರು, ಮೇಲಿನ ಮನೆಯವರು ಎಲ್ಲರನ್ನೂ ಎಬ್ಬಿಸಿ. ಹೊಗೆ ಇದ್ದರೆ ಬಗ್ಗಿ ನಡೆಯಿರಿ. ಲಿಫ್ಟ್ ಬೇಡ.
2. ಮೇನ್ ಸ್ವಿಚ್ ಕಾರಿನಿಂದ ದೂರ ಇದ್ದು, ದಾರಿಯಲ್ಲಿ ಹೊಗೆ ಇಲ್ಲದಿದ್ದರೆ ಮಾತ್ರ ಆರಿಸಿ. ಚಾರ್ಜರ್ ಎಳೆಯಲು ಕಾರಿನ ಬಳಿ ಹೋಗಬೇಡಿ.
3. 112 ಅಥವಾ 101ಕ್ಕೆ ಕರೆ ಮಾಡಿ. "ಎಲೆಕ್ಟ್ರಿಕ್ ಕಾರು" ಎಂದು ತಪ್ಪದೇ ಹೇಳಿ. ಅವರು ತರುವ ನೀರು, ಹಾಕಿಕೊಳ್ಳುವ ಮಾಸ್ಕ್ ಇದರ ಮೇಲೆ ನಿಂತಿದೆ.
4. ಕಾರನ್ನು ಹೊರಗೆ ತಳ್ಳಲು, ವಿಡಿಯೋ ಮಾಡಲು, ದಾಖಲೆ ತರಲು ಮತ್ತೆ ಒಳಗೆ ಹೋಗಬೇಡಿ.
5. ಬೆಂಕಿ ಇನ್ನೂ ಸಾಕೆಟ್ ಅಥವಾ ವೈರಿನಲ್ಲಷ್ಟೇ ಇದ್ದು, ಕರೆಂಟ್ ಆರಿಸಿಯಾಗಿದ್ದರೆ ಎಬಿಸಿ ಪುಡಿಯ ಸಿಲಿಂಡರ್ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿಗೆ ಹತ್ತಿದರೆ ಅದು ನಿಮ್ಮ ಕೆಲಸವಲ್ಲ.

ಅಪಾರ್ಟ್‌ಮೆಂಟ್ ಸಂಘದವರಿಗೆ ಒಂದು ಮಾತು

ಇಂಥ ವಿಡಿಯೋ ಬಂದ ಮೇಲೆ "ನಮ್ಮ ಬೇಸ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಕಾರು ಬೇಡ, ಚಾರ್ಜಿಂಗ್ ಬೇಡ" ಎಂದು ನೋಟಿಸ್ ಹಾಕುವುದು ಸುಲಭ. ಆ ಭಯದಲ್ಲಿ ತಪ್ಪೇನಿಲ್ಲ. ಆದರೆ ಅದರ ಫಲ ಏನು? ಕಾರು ಕೊಂಡವರು ಬಾಲ್ಕನಿಯಿಂದ ವೈರ್ ಇಳಿಬಿಡುತ್ತಾರೆ, ಪಂಪ್ ರೂಮಿನ ಪ್ಲಗ್‌ಗೆ ಸಿಕ್ಕಿಸುತ್ತಾರೆ, ಸ್ಕೂಟರ್ ಬ್ಯಾಟರಿಯನ್ನು ಲಿಫ್ಟಿನಲ್ಲಿ ತಂದು ಮಂಚದ ಪಕ್ಕ ಚಾರ್ಜ್‌ಗೆ ಇಡುತ್ತಾರೆ. ನೋಟಿಸ್ ಹಾಕುವ ಮೊದಲು ಇದ್ದದ್ದಕ್ಕಿಂತ ಹೆಚ್ಚಿನ ಅಪಾಯ ಮನೆಯೊಳಗೇ ಬಂದು ಕೂರುತ್ತದೆ.

ಬದಲಿಗೆ ಮುಂದಿನ ಸಭೆಯಲ್ಲಿ ಹೀಗೆ ಕೇಳಿ. ನಮ್ಮ ಸ್ಪ್ರಿಂಕ್ಲರ್ ಕೆಲಸ ಮಾಡುತ್ತದೆಯೇ? ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಅಲಾರಾಂ ಹೊಡೆದರೆ ಅದನ್ನು ಆರಿಸಬಾರದೆಂದು ಸೆಕ್ಯುರಿಟಿಯವರಿಗೆ ಗೊತ್ತೇ? ಚಾರ್ಜಿಂಗ್ ಜಾಗಗಳನ್ನು ಮೆಟ್ಟಿಲು, ಲಿಫ್ಟ್, ಜನರೇಟರ್ ಡೀಸೆಲ್‌ನಿಂದ ದೂರ, ರ‍್ಯಾಂಪಿನ ಹತ್ತಿರ ಇಡಬಹುದೇ? ಎಲ್ಲ ಚಾರ್ಜರ್‌ಗಳನ್ನೂ ಒಂದೇ ಕಡೆಯಿಂದ ಆರಿಸುವ ಸ್ವಿಚ್ ಇದೆಯೇ? ಇಂಚಿಯಾನ್‌ನಿಂದಲೂ ಲ್ಯೂಟನ್‌ನಿಂದಲೂ ಕಲಿಯಬೇಕಾದ ಪಾಠ ಈ ಪ್ರಶ್ನೆಗಳಲ್ಲಿದೆ. ಪೆಟ್ರೋಲ್ ಕಾರಿಗೆ ಬೆಂಕಿ ಬಿದ್ದರೂ ಇವೇ ಕಾಯುತ್ತವೆ.

ಒಟ್ಟಿನಲ್ಲಿ

ಎಲೆಕ್ಟ್ರಿಕ್ ಕಾರನ್ನು ಮನೆಯಲ್ಲಿ ನಿಲ್ಲಿಸಬಹುದು. ಅದು ನಿಲ್ಲುವ ಜಾಗ, ಅದಕ್ಕೆ ಕರೆಂಟ್ ಕೊಡುವ ವೈರ್, ನೀವು ಹೊರಗೆ ಓಡುವ ದಾರಿ, ಈ ಮೂರೂ ಸರಿ ಇರಬೇಕು.

ಆ ವಿಡಿಯೋ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ಜಗಳವಾಡಬೇಡಿ. ಕೆಳಗಿನ ಸಾಲುಗಳನ್ನು ಕಾಪಿ ಮಾಡಿ ಹಾಕಿ:

"ಈ ವಿಡಿಯೋ 2024ರ ಕೊರಿಯಾದ್ದು, ನಿಜವಾದದ್ದೇ. ಎಲ್ಲ ಎಲೆಕ್ಟ್ರಿಕ್ ಕಾರೂ ಹೀಗೆ ಉರಿಯುವುದಿಲ್ಲ. ಇವತ್ತು ಮೂರು ಕೆಲಸ ಮಾಡಿ: ಚಾರ್ಜ್ ಮಾಡುವ ಸಾಕೆಟ್ ಬಿಸಿಯಾಗುತ್ತಿದೆಯೇ ನೋಡಿ. ಮೆಟ್ಟಿಲಡಿ ಮತ್ತು ಬಾಗಿಲ ಬಳಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಹೊಗೆ ಕಂಡರೆ ಹತ್ತಿರ ಹೋಗದೆ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ."